ದಫ್ತರದಾಗ ಹೆಸರಿಲ್ಲದವರು: ಪತ್ರಾಗಾರ ಮತ್ತು ದಲಿತ ಹೆಣ್ಣಿನ ಚರಿತ್ರೆ

೧

ದಲಿತ ವಿಮರ್ಶೆ ಇಲ್ಲಿಯತನಕ ಹೆಚ್ಚಾಗಿ ಓದಿರುವುದು ಕವಿತೆ, ಕಥೆ, ಕಾದಂಬರಿ, ಆತ್ಮಕಥೆಗಳನ್ನು. ಅದು ಆಗಬೇಕಾಗಿದ್ದ ಕೆಲಸ. ಯಾರು ಬರೆದರು, ಯಾರ ಪರವಾಗಿ ಬರೆದರು, ಬರೆದವರ ಜಾತಿ ಅವರ ಉಪಮೆಯೊಳಗೆ ಹೇಗೆ ಕೂತಿದೆ ಎಂಬ ಪ್ರಶ್ನೆಗಳನ್ನು ಸಾಹಿತ್ಯಕ್ಕೆ ಕೇಳುತ್ತ ನಾವು ಒಂದಿಷ್ಟು ದಾರಿ ಸವೆಸಿದ್ದೇವೆ. ಆದರೆ ಈ ಪ್ರಶ್ನೆಗಳಿಗೆ ಸಿಗದೆ ತಪ್ಪಿಸಿಕೊಂಡಿರುವ ಒಂದು ದೊಡ್ಡ ಪಠ್ಯವಿದೆ. ಅದು ಸರಕಾರದ ದಫ್ತರ. ತಲಾಟಿಯ ಕಪಾಟು, ಸಾಲಿಯ ಜನರಲ್ ರಜಿಸ್ಟರು, ತಹಸೀಲ ಕಚೇರಿಯ ರೆಕಾರ್ಡ್ ರೂಮು, ರಾಜಧಾನಿಯ ಪತ್ರಾಗಾರ ಎಲ್ಲ ಸೇರಿ ಆಗಿರುವ ಪಠ್ಯ ಅದು. "ದಫ್ತರ ಸುಳ್ಳು ಹೇಳಂಗಿಲ್ಲ" ಅಂತ ನಮ್ಮ ಕಡೆ ಮಂದಿ ನಂಬ್ತಾರ. ಸುಳ್ಳು ಹೇಳದಿರಬಹುದು. ಆದರೆ ಯಾರನ್ನು ಕೇಳಬೇಕು, ಏನು ಕೇಳಬೇಕು ಎಂಬುದಕ್ಕೆ ಅದು ಮೊದಲೇ ಗೆರೆ ಹೊಡೆದು ಇಟ್ಟಿರುತ್ತದೆ. ಆ ಗೆರೆಗಳ ನಡುವೆ ಹಿಡಿಯದ ಬದುಕು ಕಾಗದಕ್ಕೆ ಬರುವುದೇ ಇಲ್ಲ.

ನಾನು ರಾಯಬಾಗ ತಾಲೂಕಿನ ಮುಗಳಖೋಡದವಳು. ಹೊರಗಿನವರಿಗೆ ನಮ್ಮೂರು ಅಂದರೆ ಯಲ್ಲಾಲಿಂಗ ಮಠ, ಕಾಲುವೆ ನೀರು, ಕಬ್ಬು. ನಾನು ಬೆಳೆದದ್ದು ಕೇರಿಯಲ್ಲಿ. ನಮ್ಮ ಸುತ್ತಿನ ಭೂಗೋಳವೇ ಬೇರೆ: ಚಿಂಚಲಿಯ ಮಾಯಕ್ಕ, ಕೋಕಟನೂರಿನ ಎಲ್ಲಮ್ಮ, ಆಚೆ ಸವದತ್ತಿ ಗುಡ್ಡ, ಈಚೆ ನಿಪ್ಪಾಣಿಯ ತಂಬಾಕು, ರೈಲು ಹತ್ತಿದರೆ ಸಾಂಗಲಿ, ಮಿರಜ, ಮುಂಬಯಿ. ಈ ದಾರಿಗಳಲ್ಲಿ ನಮ್ಮ ಆಯಿಗಳು, ಚಿಗವ್ವಗಳು ತಲೆಮಾರುಗಟ್ಟಲೆ ಅಡ್ಡಾಡಿದ್ದಾರೆ. ಅಂಥ ಒಬ್ಬ ಹೆಣ್ಣುಮಗಳ ಚರಿತ್ರೆ ಬರೆಯಬೇಕೆಂದರೆ ಕಾಗದ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ, ಯಾಕೆ ಸಿಗುವುದಿಲ್ಲ, ಸಿಕ್ಕದ್ದನ್ನು ಏನು ಮಾಡಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸುತ್ತೇನೆ.

೨

ಮೊದಲು ಕಾಗದಗಳ ಠಿಕಾಣಿ ತಿಳಿಯಬೇಕು. ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ೧೯೪೯ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಚಿಕ್ಕೋಡಿ, ಅಥಣಿಗಳು ಅದಕ್ಕೆ ಮೊದಲಿನಿಂದಲೇ ಇಂಗ್ರಜರ ಮುಂಬಯಿ ಸರಕಾರದ ಕೈಕೆಳಗೆ ಇದ್ದವು. ೧೯೫೬ರ ನವೆಂಬರ್ ೧ಕ್ಕೆ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ೧೯೭೩ರಲ್ಲಿ ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಹೀಗಾಗಿ ಒಂದೇ ಮನೆಯ ಕಾಗದಗಳು ನಾಲ್ಕು ಊರಲ್ಲಿ ಹಂಚಿಹೋಗಿವೆ. ಸಂಸ್ಥಾನದ ಕಾಲದವು ಕೊಲ್ಲಾಪುರದ ಪುರಾಭಿಲೇಖಾಗಾರದಲ್ಲಿ. ಮುಂಬಯಿ ಸರಕಾರದವು ಎಲ್‌ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರದಲ್ಲಿ, ಅಂದರೆ ೧೮೨೧ರಲ್ಲಿ ಶುರುವಾದ ಹಳೆಯ ಬಾಂಬೆ ರೆಕಾರ್ಡ್ ಆಫೀಸಿನಲ್ಲಿ. ೧೯೫೬ರ ನಂತರದವು ಬೆಂಗಳೂರಿನಲ್ಲಿ. ದಿನಬಳಕೆಯವು ತಹಸೀಲ ಕಚೇರಿಯಲ್ಲಿ.

ಭಾಷಾವಾರು ಪ್ರಾಂತ ಆದಾಗ ಜನ ಇತ್ತ ಬಂದರು, ಅವರ ಕಾಗದ ಅತ್ತ ಉಳಿದವು. ಗಡಿಯ ಜಗಳದಲ್ಲಿ ಎರಡೂ ಕಡೆಯವರು ನಮ್ಮ ಆಯಿಗಳ ತಲೆ ಎಣಿಸಿದ್ದಾರೆ. ೧೯೬೭ರ ಮಹಾಜನ ವರದಿಯ ಸುತ್ತ ನಡೆದ ವಾದಗಳೆಲ್ಲ ಯಾವ ಊರಲ್ಲಿ ಎಷ್ಟು ಮಂದಿ ಯಾವ ಭಾಷೆ ಆಡುತ್ತಾರೆ ಎಂಬ ಲೆಕ್ಕದ ಮೇಲೆಯೇ ನಿಂತವು. ಆದರೆ ಹಾಗೆ ಎಣಿಸಿಕೊಂಡ ಹೆಂಗಸು ಏನು ಆಡಿದಳು ಎಂಬುದು ಯಾವ ಕಡೆಯ ಕಡತದಲ್ಲೂ ಇಲ್ಲ.

ಲಿಪಿಯದೂ ಒಂದು ಗೋಡೆ. ಸಂಸ್ಥಾನದ ಮತ್ತು ಮುಂಬಯಿ ಕಾಲದ ಹಳೆಯ ಹಳ್ಳಿ ಕಾಗದಗಳು ಬಹಳಷ್ಟು ಮೋಡಿ ಲಿಪಿಯ ಮರಾಠಿಯಲ್ಲಿವೆ. ಕಾಯ್ದೆ ಇಂಗ್ರಜಿಯಲ್ಲಿ, ಲೆಕ್ಕ ಮೋಡಿಯಲ್ಲಿ, ಅಳು ಕನ್ನಡದಲ್ಲಿ. ನಮ್ಮ ಕೇರಿಯಿಂದ ಎಂ.ಎ. ಮುಗಿಸಿ ಬಂದ ಹುಡುಗಿಗೂ ತನ್ನ ಮುತ್ತಜ್ಜಿಯ ಕಾಗದ ಓದಲು ಬರುವುದಿಲ್ಲ. ಮೋಡಿ ಓದುವವರ ಸಂಖ್ಯೆ ವರ್ಷವರ್ಷಕ್ಕೆ ಇಳಿಯುತ್ತಿದೆ. ಹೀಗೆ ಕಾಗದ ಇದ್ದೂ ಇಲ್ಲದಂತಾಗುತ್ತದೆ.

೩

ಇನ್ನು ಕಾಗದದ ಒಳಗೆ ಹೋಗೋಣ. ಹಳ್ಳಿಯ ದಫ್ತರದ ಬೆನ್ನೆಲುಬು ಭೂಮಿ. ಭೂಮಿ ಇದ್ದವನ ಹೆಸರು ಇರುತ್ತದೆ. ನಮ್ಮ ಜನಕ್ಕೆ ಭೂಮಿ ಬಂದದ್ದು ಹೆಚ್ಚಾಗಿ ವತನದ ರೂಪದಲ್ಲಿ, ಊರ ಚಾಕರಿಗೆ ಬದಲಾಗಿ. ಮುಂಬಯಿ ಸರಕಾರ ೧೮೭೪ರಲ್ಲಿ ವತನಗಳಿಗೊಂದು ಕಾಯ್ದೆ ಮಾಡಿತು. ೧೮೮೬ರಲ್ಲಿ ಅದಕ್ಕೊಂದು ತಿದ್ದುಪಡಿ ತಂದಿತು. ವತನ ಮನೆತನದ ಹೆಣ್ಣುಮಕ್ಕಳು, ಮತ್ತು ಹೆಣ್ಣಿನ ಮೂಲಕ ಹಕ್ಕು ಕೇಳುವವರು, ಆ ಮನೆತನದ ಅರ್ಹ ಗಂಡಸರೆಲ್ಲ ಮುಗಿದ ಮೇಲೆಯೇ ವಾರಸಾಕ್ಕೆ ಬರಬೇಕು ಎಂಬುದು ಅದರ ಸಾರ. ಕಟ್ಟಕಡೆಯ ಗಂಡು ವತನದಾರನ ವಿಧವೆಗೆ ಮಾತ್ರ ವಿನಾಯಿತಿ ಇತ್ತು. ಅಂದರೆ ಹೆಂಡತಿಯಾಗಿ ಹೆಸರು ಬರಬಹುದು, ಮಗಳಾಗಿ ಬರಲಿಕ್ಕಿಲ್ಲ.

ಈ ಒಂದು ಕಲಮು ಏನು ಮಾಡಿತು ನೋಡಿರಿ. ಚಾಕರಿಯನ್ನು ಮನೆಯ ಹೆಂಗಸರೂ ಮಾಡಿದರು. ಊರ ಅಂಗಳ ಬಳಿದರು, ಸತ್ತ ಮನೆಯ ಸುದ್ದಿ ಮುಟ್ಟಿಸಿದರು, ಸುಗ್ಗಿಯಲ್ಲಿ ಕಣ ಕಾಯ್ದರು. ರಜಿಸ್ಟರಿನಲ್ಲಿ ಮಾತ್ರ ಗಂಡಿನ ಹೆಸರು ಕೂತಿತು. ೧೯೬೧ರ ಕಾಯ್ದೆಯಿಂದ ಗ್ರಾಮಚಾಕರಿಗಳು ರದ್ದಾಗಿ ಭೂಮಿಯನ್ನು ಮರಳಿ ಕೊಡುವಾಗಲೂ ನೋಡಿದ್ದು ಆ ಹಳೆಯ ರಜಿಸ್ಟರನ್ನೇ. ಒಂದು ಸಲ ಬರೆಯದೆ ಬಿಟ್ಟ ಹೆಸರು ಎಪ್ಪತ್ತು ವರ್ಷದ ನಂತರವೂ ತನ್ನ ಸೇಡು ತೀರಿಸಿಕೊಳ್ಳುತ್ತದೆ.

ಇಲ್ಲಿ ನನ್ನದೊಂದು ಊಹೆಯನ್ನು ಚರ್ಚೆಗೆ ಇಡುತ್ತೇನೆ. ಗಂಡುಮಕ್ಕಳಿಲ್ಲದ ಮನೆಯವರು ಮಗಳಿಗೆ ಮುತ್ತು ಕಟ್ಟಿಸಿ ಅವಳನ್ನೇ ಮಗನ ಜಾಗದಲ್ಲಿ ಇಟ್ಟುಕೊಳ್ಳುವ ರೂಢಿ ನಮ್ಮ ಕಡೆ ಇತ್ತೆಂಬುದು ಎಲ್ಲರಿಗೂ ಗೊತ್ತು. ಇದನ್ನು ಬರೀ ಮೂಢನಂಬಿಕೆ ಎಂದು ವಿವರಿಸಿ ಸುಧಾರಕರು ಮುಗಿಸಿಬಿಟ್ಟರು. ಆದರೆ ಮಗಳಿಗೆ ಮನೆಯ ಹಕ್ಕು ಕೊಡದ ಕಾಯ್ದೆ ಒಂದು ಕಡೆ, ಮಗಳನ್ನು ಮಗನೆಂದು ಒಪ್ಪುವ ದೇವರ ಪದ್ಧತಿ ಇನ್ನೊಂದು ಕಡೆ ಇದ್ದಾಗ ಬಡವರು ಯಾವುದನ್ನು ಹಿಡಿದರು, ಅದಕ್ಕೆ ಹೆಣ್ಣು ತೆತ್ತ ಬೆಲೆ ಏನು ಎಂದು ಕೇಳಬೇಕು. ದೇವರ ಹೆಸರಿನ ಶೋಷಣೆಯೂ ಕಾಯ್ದೆಯ ಹೆಸರಿನ ಶೋಷಣೆಯೂ ಕೈ ಹಿಡಿದುಕೊಂಡು ನಡೆದಿವೆಯೆ? ಇದಕ್ಕೆ ಉತ್ತರ ವತನದ ರಜಿಸ್ಟರು ಮತ್ತು ಮುತ್ತು ಕಟ್ಟಿಸಿಕೊಂಡ ಮನೆಗಳ ನೆನಪು, ಇವೆರಡನ್ನು ಎದುರುಬದರು ಇಟ್ಟಾಗಲೇ ಸಿಗುವಂಥದು. ಒಂದನ್ನೇ ಓದಿದರೆ ಸಿಗುವುದಿಲ್ಲ. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ೧೯೧೮ರಲ್ಲಿ ಮಹಾರ ವತನ ರದ್ದು ಮಾಡಿದರು, ೧೯೨೦ರಲ್ಲಿ ಜೋಗತಿನಿಯರ ಮತ್ತು ಔರಸರಲ್ಲದ ಮಕ್ಕಳ ಕುರಿತು ಕಾಯ್ದೆ ತಂದರು. ಈ ಎರಡೂ ವಿಷಯಗಳು ಎರಡೇ ವರ್ಷದ ಅಂತರದಲ್ಲಿ ಒಬ್ಬನೇ ದೊರೆಯ ಮುಂದೆ ಬಂದವು ಎಂಬುದನ್ನು ಗಮನಿಸಬೇಕು.

ಕೋರ್ಟಿನ ಕಾಗದದಲ್ಲಿ ಮಾತ್ರ ಹೆಂಗಸರು ಹೆಸರು ಸಮೇತ ಕಾಣಿಸುತ್ತಾರೆ. ೧೮೮೦ರಲ್ಲಿ ಮುಂಬಯಿ ಹೈಕೋರ್ಟು ಮಥುರಾ ನಾಯಕಿಣಿ ಮತ್ತು ಇಸೂ ನಾಯಕಿಣಿ ಎಂಬಿಬ್ಬರ ದಾವೆಯಲ್ಲಿ, ನಾಯಕಿಣಿಯರು ಹೆಣ್ಣುಮಕ್ಕಳನ್ನು ದತ್ತು ತೆಗೆದುಕೊಳ್ಳುವುದನ್ನು ಕಾಯ್ದೆ ಮಾನ್ಯ ಮಾಡುವುದಿಲ್ಲ ಎಂದು ತೀರ್ಪು ಕೊಟ್ಟಿತು. ಹೆಣ್ಣಿನಿಂದ ಹೆಣ್ಣಿಗೆ ಆಸ್ತಿ ಹೋಗುವ ದಾರಿ ಹಾಗೆ ಮುಚ್ಚಿತು. ಆದರೆ ಆ ಇಬ್ಬರ ಹೆಸರು ಇವತ್ತಿಗೂ ಉಳಿದಿದೆ. ಹೆಂಗಸಿನ ಹೆಸರು ಕಾಗದಕ್ಕೆ ಬರಬೇಕಾದರೆ ಒಂದು ತಂಟೆ ಆಗಿರಬೇಕು, ಆ ತಂಟೆ ಮೇಲಿನ ಕೋರ್ಟಿನ ತನಕ ಹೋಗಿರಬೇಕು. ವಕೀಲರಿಗೆ ಕೊಡಲು ರೊಕ್ಕ ಇಲ್ಲದವಳ ತಂಟೆ ಕೇರಿಯಲ್ಲೇ ಹುಟ್ಟಿ ಕೇರಿಯಲ್ಲೇ ಸಾಯುತ್ತದೆ.

೪

ಎಣಿಸುವ, ವರ್ಣಿಸುವ ಕಾಗದಗಳ ರೀತಿ ಬೇರೆ. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಬೆಳಗಾವಿ ಜಿಲ್ಲೆಯ ಗೆಜೆಟಿಯರ್ ೧೮೮೪ರದು. ಜಾತಿ ಜಾತಿಗೂ ಮನೆ, ಊಟ, ಉಡುಗೆ, ಮದುವೆ, ಸಾವು ಎಂದು ಅಲ್ಲಿ ಅಧ್ಯಾಯ ಮಾಡಿದ್ದಾರೆ. ಅಲ್ಲಿ ಹೆಂಗಸರು ಇಲ್ಲವೆಂದಲ್ಲ, ಇದ್ದಾರೆ. ಆದರೆ ಯಾವಾಗಲೂ ಬಹುವಚನದಲ್ಲಿ. ಒಂದು ಜಾತಿಯ ಹೆಂಗಸರೆಲ್ಲ ಒಂದೇ ವಾಕ್ಯದಲ್ಲಿ ಸೀರೆ ಉಟ್ಟು ಕುಪ್ಪಸ ತೊಟ್ಟು ಮುಗಿದುಹೋಗುತ್ತಾರೆ. ೧೯೧೧ರಿಂದಾಚೆಯ ಜನಗಣತಿಗಳು ಭಿಕ್ಷುಕರು, ಅಲೆಮಾರಿಗಳು, ವೇಶ್ಯೆಯರು ಇವರನ್ನೆಲ್ಲ ಕೂಡಿಸಿ 'ಅನುತ್ಪಾದಕ' ಎಂಬ ವರ್ಗದಲ್ಲಿ ಹಾಕಿದವು. ಮುಂಜಾನೆ ಹೊಲದಲ್ಲಿ ಕಳೆ ತೆಗೆದು, ಮಂಗಳವಾರ ಶುಕ್ರವಾರ ಜೋಗ ಬೇಡಿ, ಮನೆಯ ಐದು ಹೊಟ್ಟೆ ತುಂಬಿಸುವವಳು ಈ ಹೆಸರಿನ ಕೆಳಗೆ ಬಂದಳೆಂದರೆ ಅವಳ ದುಡಿಮೆ ದೇಶದ ಲೆಕ್ಕದಿಂದಲೇ ಅಳಿಸಿಹೋಯಿತು.

ಹೆಸರಿಡುವ ಈ ರಾಜಕಾರಣ ಇಂಗ್ರಜರಿಂದ ಶುರುವಾದದ್ದಲ್ಲ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕಾಳವ್ವೆ ಇದ್ದಾಳೆ. ತಾಳೆಗರಿಯಲ್ಲಿ, ಆಮೇಲೆ ಅಚ್ಚಿನಲ್ಲಿ, ಅವಳು ನಮಗೆ ದಕ್ಕಿರುವುದು 'ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ' ಎಂದು. ಕುಲದ ಹಮ್ಮನ್ನು ಎದುರುಹಾಕಿಕೊಂಡವಳನ್ನೂ ಸೂಚಿಪಟ್ಟಿ ಗಂಡನ ಮನೆಯ ಅಂಕಣದೊಳಗೇ ಕೂರಿಸಿತು. ಆದರೂ ಆ ತಾಳೆಗರಿಗಳನ್ನು ಊರೂರು ತಿರುಗಿ ಕೂಡಿಸಿ ೧೯೨೩ರಿಂದ ಅಚ್ಚು ಹಾಕಿಸಿದ ವಿಜಾಪುರದ ಫ.ಗು. ಹಳಕಟ್ಟಿಯವರಂಥವರು ಇಲ್ಲದಿದ್ದರೆ ನಮಗೆ ಆ ಅಂಕಣವೂ ಇರುತ್ತಿರಲಿಲ್ಲ. ಪತ್ರಾಗಾರಕ್ಕೆ ಯಾವಾಗಲೂ ಈ ಎರಡು ಮುಖ: ಅದು ಉಳಿಸುತ್ತದೆ, ಉಳಿಸುವಾಗ ಕಟ್ಟಿಹಾಕುತ್ತದೆ.

ನಮಗೆ ಹತ್ತಿರದ ದಾಖಲೆ ಅಂದರೆ ಸಾಲಿಯ ಜನರಲ್ ರಜಿಸ್ಟರು. ಇದು ದೊಡ್ಡ ಪತ್ರಾಗಾರಕ್ಕೆ ಹೋಗದ, ಊರಲ್ಲೇ ಇರುವ ಕಾಗದ. ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ದಿನ, ಸಾಲಿ ಬಿಟ್ಟ ದಿನ, ಬಿಟ್ಟ ಕಾರಣ ಇವಿಷ್ಟು ಕಾಲಮ್ಮು. ತಂದೆಯ ಕಾಲಮ್ಮಿನಲ್ಲಿ ಸೋದರಮಾವನ ಹೆಸರು ಬರೆದದ್ದುಂಟು, ದೇವರ ಹೆಸರು ಬರೆದದ್ದುಂಟು, ತಾಯಿಯ ಹೆಸರನ್ನೇ ಗಂಡಸಿನ ಹೆಸರಿನಂತೆ ತಿದ್ದಿ ಬರೆದದ್ದುಂಟು. ಮಾಸ್ತರು "ನಿಮ್ಮಪ್ಪನ ಹೆಸರೇನs?" ಅಂತ ಎಲ್ಲರ ಎದುರು ಕೇಳಿದಾಗ ಹುಡುಗಿ ನೆಲ ನೋಡಿದ ಆ ಗಳಿಗೆ ಹೀಗೆ ಒಂದು ತಿದ್ದಿದ ಅಕ್ಷರವಾಗಿ ಉಳಿದಿದೆ. ಬಿಟ್ಟ ಕಾರಣದಲ್ಲಿ 'ಸತತ ಗೈರುಹಾಜರಿ' ಎಂದಿರುತ್ತದೆ.

ಇದನ್ನು ಓದುವ ವಿಧಾನ ಹೇಳುತ್ತೇನೆ. ಹೆಣ್ಣುಮಕ್ಕಳ ಹೆಸರು ತೆಗೆದ ದಿನಾಂಕಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿರಿ. ಪಕ್ಕಕ್ಕೆ ಬನದ ಹುಣ್ಣಿವಿ, ಭಾರತ ಹುಣ್ಣಿವಿಗಳನ್ನು, ಕಬ್ಬಿನ ಹಂಗಾಮನ್ನು, ಬರಗಾಲದ ವರ್ಷಗಳನ್ನು ಬರೆಯಿರಿ. ಆಮೇಲೆ ಆ ಮನೆಯ ಹಿರಿಯ ಹೆಂಗಸರ ಹತ್ತಿರ ಹೋಗಿ ಆ ವರ್ಷ ಏನಾಯಿತೆಂದು ಕೇಳಿರಿ. ಗೈರುಹಾಜರಿ ಎಂಬ ಒಂದು ಶಬ್ದದ ಹಿಂದೆ ಹುಡುಗಿ ಎಲ್ಲಿ ಹಾಜರಿದ್ದಳು ಎಂಬುದು ಹೊರಗೆ ಬರುತ್ತದೆ. ದಲಿತ ವಿಮರ್ಶೆ ಕವಿತೆಯ ಮೌನವನ್ನು ಓದಲು ಕಲಿತಿದೆ. ರಜಿಸ್ಟರಿನ ಮೌನವನ್ನೂ ಅದೇ ಎಚ್ಚರದಿಂದ ಓದಬೇಕು.

೫

ನಮ್ಮದೇ ಚಳವಳಿಯ ದಾಖಲೆಯನ್ನೂ ಈ ಕಣ್ಣಿಂದ ನೋಡಬೇಕಾಗುತ್ತದೆ. ಬಾಬಾಸಾಹೇಬರು ೧೯೨೫ರಲ್ಲಿ ನಿಪ್ಪಾಣಿಗೆ ಬಂದು ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತಿನಲ್ಲಿ ಪಾಲ್ಗೊಂಡರು. ನಮ್ಮ ಭಾಗದವರಿಗೆ ಅದು ಹೆಮ್ಮೆಯ ಸಂಗತಿ. ೧೯೩೬ರ ಜೂನ್ ೧೬ರಂದು ಮುಂಬಯಿಯ ದಾಮೋದರ ಹಾಲಿನಲ್ಲಿ ಅವರು ಕಾಮಾಠಿಪುರದ ಹೆಂಗಸರನ್ನು, ಮುರಳಿಯರನ್ನು, ದೇವದಾಸಿ, ಜೋಗತಿನಿಯರನ್ನು ಉದ್ದೇಶಿಸಿ ಮಾತಾಡಿದರು. ಆ ಬದುಕು ಬಿಟ್ಟು ಬರಬೇಕೆಂದು ನಿಷ್ಠುರವಾಗಿಯೇ ಕೇಳಿದರು. ಆ ಭಾಷಣ ಉಳಿದಿದೆ. ಅದನ್ನು ಕೇಳಿದ ಹೆಂಗಸರು ಆ ರಾತ್ರಿ ಖೋಲಿಗೆ ಮರಳಿ ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡರು? ಊರಲ್ಲಿ ಕಾಯುತ್ತಿದ್ದ ತಾಯಿ, ತಮ್ಮಂದಿರಿಗೆ ಮುಂದಿನ ತಿಂಗಳು ಮನಿಆರ್ಡರು ಯಾರು ಕಳಿಸಬೇಕೆಂದು ಅಂದರೆ? ಕಾಮಾಠಿಪುರಕ್ಕೆ ನಮ್ಮ ಸೀಮೆಯಿಂದ ಎಷ್ಟು ಹೆಣ್ಣುಮಕ್ಕಳು ಹೋದರೆಂಬುದು ಬೆಳಗಾವಿ, ವಿಜಾಪುರ ಜಿಲ್ಲೆಗಳ ಕೇರಿಗಳಿಗೆ ಗೊತ್ತಿರುವ ಮಾತು. ಭಾಷಣ ಇತಿಹಾಸವಾಯಿತು, ಕೇಳಿದವರ ಉತ್ತರ ಆಗಲಿಲ್ಲ. ಬಾಬಾಸಾಹೇಬರ ಮಾತಿನ ತೂಕ ಇದರಿಂದ ಕಡಿಮೆಯಾಗುವುದಿಲ್ಲ. ಆ ಮಾತು ಯಾರ ಎದೆಯ ಮೇಲೆ ಬಿತ್ತೋ ಅವರನ್ನು ಹುಡುಕದ ನಮ್ಮ ಬರವಣಿಗೆಯ ಕೊರತೆ ಇದು.

ಮರಾಠಿಯಲ್ಲಿ ಈ ಕೆಲಸವನ್ನು ಊರ್ಮಿಳಾ ಪವಾರ ಮತ್ತು ಮೀನಾಕ್ಷಿ ಮೂನ್ ಮಾಡಿದರು. ಅಂಬೇಡ್ಕರ್ ಚಳವಳಿಯಲ್ಲಿ ಕೆಲಸ ಮಾಡಿದ ಮುದುಕಿಯರ ಮನೆ ಮನೆಗೆ ಹೋಗಿ, ಕೂತು, ಕೇಳಿ, ಬರೆದುಕೊಂಡು ೧೯೮೯ರಲ್ಲಿ 'ಆಮ್ಹೀಹಿ ಇತಿಹಾಸ ಘಡವಲಾ' ತಂದರು. ನಾವೂ ಇತಿಹಾಸ ಮಾಡಿದೆವು ಎಂದು ಅದರ ಅರ್ಥ. ೧೯೪೨ರಲ್ಲಿ ನಾಗಪುರದಲ್ಲಿ ಸುಲೋಚನಾಬಾಯಿ ಡೋಂಗ್ರೆ ಅವರ ಅಧ್ಯಕ್ಷತೆಯಲ್ಲಿ ದಲಿತ ಮಹಿಳೆಯರದೇ ದೊಡ್ಡ ಪರಿಷತ್ತು ನಡೆದಿತ್ತು. ಬರೆದಿಟ್ಟಿದ್ದರಿಂದಲೇ ಅದನ್ನು ಇವತ್ತು ಹೇಳಲು ಬರುತ್ತದೆ. ಇದಕ್ಕೆ ಎದುರಾದ ಉದಾಹರಣೆಯೂ ಇದೆ. ತಾರಾಬಾಯಿ ಶಿಂದೆ ೧೮೮೨ರಲ್ಲಿ ಬರೆದ 'ಸ್ತ್ರೀಪುರುಷ ತುಲನಾ' ಎಂಬ ಖಾರದ ಪುಸ್ತಕ ಮರೆತೇಹೋಗಿತ್ತು. ೧೯೭೫ರಲ್ಲಿ ಸ.ಗಂ. ಮಾಲಶೆ ಅದನ್ನು ಹುಡುಕಿ ಮತ್ತೆ ಅಚ್ಚು ಹಾಕಿಸಿದರು. ತೊಂಬತ್ತಮೂರು ವರ್ಷ ಆ ಮಾತು ಕತ್ತಲೆಯಲ್ಲಿತ್ತು. ಅಚ್ಚಾದ ಪುಸ್ತಕದ ಗತಿಯೇ ಹೀಗಾದರೆ ಅಕ್ಷರ ಬಾರದವಳ ಮಾತಿನ ಗತಿ ಏನು?

೬

ನಮ್ಮ ಸೀಮೆಯಲ್ಲೇ ಒಂದು ಉತ್ತರ ಇದೆ. ನಿಪ್ಪಾಣಿ ಅಂದರೆ ಎಲ್ಲರೂ ೧೯೮೧ರ ತಂಬಾಕು ರೈತರ ಚಳವಳಿಯನ್ನು, ಶರದ ಜೋಶಿಯವರನ್ನು ನೆನೆಯುತ್ತಾರೆ. ಅದೇ ಹೊತ್ತಿನಲ್ಲಿ ಅದೇ ಊರಿನ ತಂಬಾಕು ವಖಾರಗಳಲ್ಲಿ ದೂಳು ನುಂಗುತ್ತ ತಂಬಾಕು ಬಡಿದು ಸೋಸುತ್ತಿದ್ದ ಸಾವಿರಾರು ಹೆಂಗಸರು ಸಂಘ ಕಟ್ಟಿದರು. ಕೂಲಿ, ಕೆಲಸದ ಹೊತ್ತು, ಮುಕಾದಮರ ಬೈಗುಳ ಮತ್ತು ಕೈಚಾಳ ಎಲ್ಲದರ ವಿರುದ್ಧ ನಿಂತರು. ದೀಪಾ ಧನರಾಜ್ ಮತ್ತು ಅವರ ಗೆಳೆಯರ 'ಯುಗಾಂತರ' ತಂಡ ಈ ಹೆಂಗಸರ ಜೊತೆ ಕೂತು ೧೯೮೨ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಸಾಕ್ಷ್ಯಚಿತ್ರ ಮಾಡಿತು. ಕೆಲಸಗಾರ ಹೆಂಗಸರೇ ತಮ್ಮ ಕಥೆ ಹೇಳಿ, ನಡೆದದ್ದನ್ನು ತಾವೇ ಮಾಡಿ ತೋರಿಸಿದ ಚಿತ್ರ ಅದು.

ಆ ರೀಲುಗಳು ಕೆಟ್ಟುಹೋಗದಂತೆ ಮತ್ತೆ ಸರಿಮಾಡಿ ಡಿಜಿಟಲ್ ರೂಪಕ್ಕೆ ತಂದದ್ದು ಎಲ್ಲಿ? ಜರ್ಮನಿಯ ಬರ್ಲಿನ್ನಿನ ಆರ್ಸೆನಲ್ ಎಂಬ ಚಲನಚಿತ್ರ ಸಂಸ್ಥೆಯಲ್ಲಿ. ನಿಪ್ಪಾಣಿಯ ಹೆಂಗಸಿನ ಕೆಮ್ಮು ಬರ್ಲಿನ್ನಿನಲ್ಲಿ ಜೋಪಾನವಾಗಿದೆ ಎಂಬುದಕ್ಕೆ ಸಂತೋಷ ಪಡಬೇಕೊ ನಾಚಬೇಕೊ? ಎರಡೂ ಬೇಕೆಂದು ನನಗನಿಸುತ್ತದೆ. ಉಳಿಯಿತಲ್ಲ ಎಂದು ಸಂತೋಷ. ಚಿಕ್ಕೋಡಿಯ, ರಾಯಬಾಗದ ಒಂದು ಕಾಲೇಜಿನಲ್ಲಾದರೂ ಅದನ್ನು ತೋರಿಸಿ, ಆ ಹೆಂಗಸರ ಮೊಮ್ಮಕ್ಕಳನ್ನು ಕೂಡಿಸಿ, "ಇದರಾಗ ಯಾರ್ ಯಾರ್ ಅದಾರ, ಗುರುತು ಹಿಡೀರಿ" ಎಂದು ಕೇಳಿ ಹೆಸರು ಬರೆದುಕೊಳ್ಳುವ ಕೆಲಸ ಮಾತ್ರ ನಮ್ಮದೇ. ಮುಖ ಅಲ್ಲಿ ಉಳಿದಿದೆ, ಹೆಸರು ಇಲ್ಲಿದೆ. ಎರಡನ್ನೂ ಕೂಡಿಸದಿದ್ದರೆ ಎರಡೂ ಅರ್ಧ.

ಹೆಂಗಸರ ಕಾಗದಕ್ಕೆ ಬೆಲೆ ಎಷ್ಟೆಂಬುದು ಶತ್ರುಗಳಿಗೆ ಬೇಗ ತಿಳಿಯುತ್ತದೆ. ೧೯೩೫ರಲ್ಲಿ ಹಾಲೆಂಡಿನ ಹೆಂಗಸರು ಆಮ್‌ಸ್ಟರ್‌ಡ್ಯಾಮಿನಲ್ಲಿ ಅಂತಾರಾಷ್ಟ್ರೀಯ ಮಹಿಳಾ ಚಳವಳಿಯ ಪತ್ರಾಗಾರ ಕಟ್ಟಿದರು. ೧೯೪೦ರಲ್ಲಿ ನಾಜಿಗಳು ಅದನ್ನು ಹೊತ್ತುಕೊಂಡು ಹೋದರು. ಐವತ್ತು ವರ್ಷ ಅದು ಏನಾಯಿತೆಂದು ಯಾರಿಗೂ ಗೊತ್ತಿರಲಿಲ್ಲ. ೧೯೯೨ರಲ್ಲಿ ಮಾಸ್ಕೋದಲ್ಲಿ ಪತ್ತೆಯಾಗಿ, ೨೦೦೩ರಲ್ಲಿ ಮರಳಿ ಬಂತು. ಅವರ ಕಾಗದವನ್ನು ಕದ್ದರು. ನಮ್ಮವರ ಕಾಗದವನ್ನು ಬರೆಯಲೇ ಇಲ್ಲ. ಕದ್ದದ್ದು ಒಂದಲ್ಲ ಒಂದು ದಿನ ಸಿಕ್ಕೀತು, ಬರೆಯದೇ ಇದ್ದದ್ದನ್ನು ನಾವೇ ಬರೆಯಬೇಕು.

೭

"ನಮ್ಮ ಹೆಂಗಸರಿಗೆ ಕಾಗದ ಯಾಕ ಬೇಕು, ಅವರ ಹಾಡ ಅವರ ಚರಿತ್ರೆ" ಎನ್ನುವ ವಿದ್ವಾಂಸರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹಾಡು, ಕೌದಿ, ಕೈಮೇಲಿನ ಹಚ್ಚಿಬೊಟ್ಟು ಇವೂ ದಾಖಲೆಗಳೇ. ಆದರೆ ಹಾಡಿನ ಸಂಗ್ರಹವೂ ಒಂದು ಪತ್ರಾಗಾರ, ಅದಕ್ಕೂ ಒಂದು ಬಾಗಿಲು ಇದೆ. ಹಲಸಂಗಿ ಗೆಳೆಯರು ೧೯೩೧ರಲ್ಲಿ ತಂದ 'ಗರತಿಯ ಹಾಡು' ಉತ್ತರ ಕರ್ನಾಟಕದ ಹೆಂಗಸರ ದನಿಯನ್ನು ಕನ್ನಡಕ್ಕೆ ತಂದುಕೊಟ್ಟ ದೊಡ್ಡ ಕೆಲಸ. ಆದರೆ ಆ ಹೆಸರನ್ನು ಗಮನಿಸಿರಿ. ಹಾಡುವವಳು ಗರತಿ. ಗರತಿಯ ಹಾಡು ಸಾಹಿತ್ಯದ ಕಪಾಟಿಗೆ ಹೋಯಿತು. ಚೌಡಕಿ ಹಿಡಿದು ಊರೂರು ತಿರುಗಿದ ಜೋಗತಿಯ ಪದ ಬಹುಕಾಲ ಜಾತ್ರೆಯಲ್ಲೇ ಉಳಿಯಿತು, ಆಮೇಲೆ ಸಮಾಜಶಾಸ್ತ್ರದ ಕಪಾಟಿಗೆ 'ಸಮಸ್ಯೆ'ಯಾಗಿ ಹೋಯಿತು. ಒಬ್ಬಳು ಕವಿ, ಇನ್ನೊಬ್ಬಳು ಸಮಸ್ಯೆ. ಈ ವಿಂಗಡಣೆಯನ್ನು ಪ್ರಶ್ನಿಸುವುದು ದಲಿತ ವಿಮರ್ಶೆಯ ಕೆಲಸ ಅಲ್ಲವೆ?

ಇನ್ನರ್ಧ ಸತ್ಯ ಬೇರೆ. ಹಾಡು ಹಾಡಿ ಮಾಸಾಶನ ತರಲಿಕ್ಕೆ ಬರುವುದಿಲ್ಲ. ದೇವದಾಸಿ ಪದ್ಧತಿಗೆ ಮುಂಬಯಿ ಸರಕಾರ ೧೯೩೪ರಲ್ಲಿ ಕಾಯ್ದೆ ಮಾಡಿತ್ತು, ಕರ್ನಾಟಕ ೧೯೮೨ರಲ್ಲಿ ಮಾಡಿತು. ಆಮೇಲೆ ಸರಕಾರ ಎರಡು ಸಮೀಕ್ಷೆ ನಡೆಸಿತು. ೧೯೯೩-೯೪ರಲ್ಲಿ ೨೨,೮೭೩ ಮಂದಿ, ೨೦೦೭-೦೮ರಲ್ಲಿ ೨೩,೭೮೭ ಮಂದಿ, ಕೂಡಿ ೪೬,೬೬೦ ಹೆಂಗಸರು ಪಟ್ಟಿಗೆ ಬಂದರು. ಮಾಸಾಶನ, ಮನೆ, ಸಾಲ ಎಲ್ಲಕ್ಕೂ ಆಧಾರ ಈ ಪಟ್ಟಿ. ಸಮೀಕ್ಷೆಯವರು ಬಂದ ದಿನ ಕಬ್ಬು ಕಡಿಯಲು ಹೋದವಳು, ಮುಂಬಯಿಯಲ್ಲಿ ಇದ್ದವಳು, ಅಥವಾ ಕಾಯ್ದೆಗೆ ಅಂಜಿ "ನಾ ಅಲ್ರಿ" ಅಂದವಳು ಪಟ್ಟಿಯ ಹೊರಗೆ ಉಳಿದಳು. ನನ್ನ ಚಿಗವ್ವನೊಬ್ಬಳನ್ನು ಕರೆದುಕೊಂಡು ನಾನು ಒಂದು ಕಚೇರಿಗೆ ಹೋಗಿದ್ದೆ. "ಲಿಸ್ಟಿನ್ಯಾಗ ನಿನ್ನ ಹೆಸರಿಲ್ಲಬೇ" ಅಂದರು. "ಕೊಳ್ಳಾಗ ಮುತ್ತು ಐತೆಲ್ಲೋ ಎಪ್ಪಾ" ಅಂದಳು ಚಿಗವ್ವ. "ಮುತ್ತು ನಡಿಯಂಗಿಲ್ಲ ಯವ್ವಾ, ಕಾಗದ ತಾ" ಅಂದರು. ಐವತ್ತು ವರ್ಷ ಮೈಮೇಲೆ ಹೊತ್ತ ಸಾಕ್ಷಿಯನ್ನು ಒಪ್ಪದ ದಫ್ತರದ ಎದುರು ಮೌಖಿಕ ಪರಂಪರೆಯ ಹಿರಿಮೆಯನ್ನು ಹೇಗೆ ಹಾಡುವುದು?

೮

ಇಲ್ಲಿಗೆ ಈ ವಿಷಯದ ಕಗ್ಗಂಟು ಬರುತ್ತದೆ. ಅದೇ ಚಿಗವ್ವನಿಗೆ ಪಟ್ಟಿಯಲ್ಲಿ ತನ್ನ ಹೆಸರು ಬೇಕು. ಮಗಳ ಬೀಗಸ್ತನ ಕುದುರಿಸುವಾಗ ಮಾತ್ರ ಆ ಹೆಸರು ಯಾರ ಕಣ್ಣಿಗೂ ಬೀಳಬಾರದು. "ನನ್ನ ಕೂಟನ ಅದು ಸುಟ್ಟಹೋಗಲಿ" ಅಂತಾಳ. ಚರಿತ್ರೆ ಬರೆಯಬೇಕೆನ್ನುವ ನಾನು ಉಳಿಸಬೇಕೆನ್ನುತ್ತೇನೆ. ಬದುಕಿದ ಅವಳು ಅಳಿಸಬೇಕೆನ್ನುತ್ತಾಳೆ. ಇದರಲ್ಲಿ ನಾನು ದೊಡ್ಡವಳು, ಅವಳು ತಿಳಿಯದವಳು ಎಂದು ಹೇಳುವ ಅಧಿಕಾರ ನನಗಿಲ್ಲ. ಮೇಲ್ಜಾತಿಯವರ ಮನೆತನದ ಕಾಗದ ಪತ್ರಾಗಾರಕ್ಕೆ ಹೋದರೆ ಅವರ ಪ್ರತಿಷ್ಠೆ ಏರುತ್ತದೆ. ನಮ್ಮ ಹೆಣ್ಣಿನ ಕಾಗದ ಹೋದರೆ ಅವಳ ಮೊಮ್ಮಗಳಿಗೆ ಕಳಂಕ ಹತ್ತಬಹುದು. ಆದ್ದರಿಂದ ಪತ್ರಾಗಾರ ಎಲ್ಲರಿಗೂ ಒಂದೇ ರೀತಿ ಒಳ್ಳೆಯದು ಎಂಬ ಮಾತು ನಿಲ್ಲುವುದಿಲ್ಲ.

ಹಾಗಂತ ಸುಟ್ಟುಬಿಡುವುದೂ ಪರಿಹಾರವಲ್ಲ. ಸುಟ್ಟರೆ ಹೆಣ್ಣಿನ ಹೆಸರು ಮಾತ್ರ ಸುಡುವುದಿಲ್ಲ, ಇಟ್ಟುಕೊಂಡವನ ಹೆಸರೂ ಸುಡುತ್ತದೆ. ಅವನಿಗೆ ಬೇಕಾದದ್ದೂ ಅದೇ. ೨೦೨೫ರಲ್ಲಿ ಕರ್ನಾಟಕದ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆ ಮಕ್ಕಳು ತಂದೆಯನ್ನು ಗುರುತಿಸಿಕೊಳ್ಳುವ, ಅವನ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕಿನ ಮಾತಾಡುತ್ತದೆ. ಆ ಹಕ್ಕು ನಾಳೆ ಯಾವ ಸಾಕ್ಷಿಯ ಮೇಲೆ ನಿಲ್ಲಬೇಕು? ಹಳೆಯ ರಜಿಸ್ಟರು, ಹಳೆಯ ಪತ್ರ, ಹಳೆಯ ನೆರೆಮನೆಯವರ ಹೇಳಿಕೆ ಇವುಗಳ ಮೇಲೆಯೇ. ಹೀಗಾಗಿ ನನಗೆ ಕಾಣುವ ದಾರಿ ಇದು: ಕಾಗದ ಉಳಿಯಬೇಕು, ಅದರ ಕೀಲಿ ಆ ಹೆಣ್ಣಿನ ಕೈಯಲ್ಲಿ ಇರಬೇಕು. ತನ್ನ ಮಾತನ್ನು ಯಾರು ಕೇಳಬಹುದು, ಎಷ್ಟು ವರ್ಷದ ಮೇಲೆ ಕೇಳಬಹುದು, ತನ್ನ ಹೆಸರು ಹಾಕಬೇಕೊ ಬೇಡವೊ ಎಂದು ಹೇಳುವವಳು ಅವಳೇ ಆಗಬೇಕು.

ಕೀಲಿ ಕೈಗೆ ಬಂದಾಗ ಏನಾಗುತ್ತದೆ ಎಂಬುದಕ್ಕೂ ನಮ್ಮ ಸೀಮೆಯಲ್ಲಿ ಉದಾಹರಣೆ ಇದೆ. ಘಟಪ್ರಭಾದಲ್ಲಿ ವಿಮುಕ್ತ ದೇವದಾಸಿಯರೇ ಸೇರಿ ನಡೆಸುವ 'ಮಾಸ್' ಎಂಬ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ೧೯೯೭ರಿಂದ ಕೆಲಸ ಮಾಡುತ್ತ ಬಂದಿದೆ. ಅದನ್ನು ಮುನ್ನಡೆಸಿದ ಚಿಕ್ಕೋಡಿ ತಾಲೂಕು ಕಬ್ಬೂರಿನ ಸೀತವ್ವ ಜೋಡಟ್ಟಿಯವರಿಗೆ ೨೦೧೮ರಲ್ಲಿ ಪದ್ಮಶ್ರೀ ಬಂತು. ಎಳೆಯ ವಯಸ್ಸಿನಲ್ಲೇ ಮುತ್ತು ಕಟ್ಟಿಸಿಕೊಂಡ ಅವರು ತಮ್ಮ ಹೆಸರನ್ನು ತಾವೇ ಹೇಳಿಕೊಂಡು ನಿಂತರು. ಬೇರೆಯವರು ಬರೆದಾಗ ಕಳಂಕವಾದ ಶಬ್ದವೇ ತಾನೇ ಆಡಿದಾಗ ಸಾಕ್ಷಿಯಾಗುತ್ತದೆ.

೯

ಮಾಡುವುದೇನು? ದೊಡ್ಡ ಕಟ್ಟಡ ಬೇಕಿಲ್ಲ. ಮುಂಬಯಿಯಲ್ಲಿ ೧೯೮೮ರಲ್ಲಿ ಸಿ.ಎಸ್. ಲಕ್ಷ್ಮಿ, ನೀರಾ ದೇಸಾಯಿ, ಮೈತ್ರೇಯಿ ಕೃಷ್ಣರಾಜ್ ಕೂಡಿ ಹೆಂಗಸರ ದನಿ ಮತ್ತು ಚಿತ್ರಗಳ ಪತ್ರಾಗಾರ 'ಸ್ಪ್ಯಾರೋ' ಶುರುಮಾಡಿದಾಗ ಅವರ ಹಿಂದೆ ಯಾವ ಸಂಸ್ಥಾನವೂ ಇರಲಿಲ್ಲ.

ನಮ್ಮ ಮನೆಗಳಲ್ಲಿ ಒಂದು ಟ್ರಂಕು ಇರುತ್ತದೆ, ಇಲ್ಲವೆ ಒಂದು ಗಂಟು. ರೇಶನ್ ಕಾರ್ಡು, ದವಾಖಾನೆ ಚೀಟಿ, ಸಾಲಿ ಬಿಟ್ಟ ದಾಖಲೆ, ಜಾತ್ರೆಯಲ್ಲಿ ತೆಗೆಸಿದ ಫೋಟೊ, ಮನಿಆರ್ಡರಿನ ತುಂಡು. ಪುಣೆಯ ಪೇಶ್ವೆ ದಫ್ತರದಲ್ಲಿ ಕಾಗದಗಳನ್ನು ಅರಿವೆಯ ರುಮಾಲುಗಳಲ್ಲಿ ಕಟ್ಟಿ ಇಡುತ್ತ ಬಂದಿದ್ದಾರೆ. ನಮ್ಮ ಅವ್ವನ ಗಂಟೂ ಅಂಥದೇ ರುಮಾಲು, ಅದಕ್ಕೆ ನಂಬರು ಇಲ್ಲ ಅಷ್ಟೆ. ಮರಾಠಿಯ ಬೇಬಿ ಕಾಂಬಳೆ ಗಂಡನಿಗೆ ಕಾಣದಂತೆ ವರ್ಷಾನುಗಟ್ಟಲೆ ಮುಚ್ಚಿಟ್ಟ ಬರಹವೇ ೧೯೮೬ರಲ್ಲಿ 'ಜಿಣಂ ಅಮುಚಂ' ಎಂಬ ಪುಸ್ತಕವಾಯಿತು. ಮುಚ್ಚಿಟ್ಟ ಜಾಗವೇ ಅದರ ಪತ್ರಾಗಾರವಾಗಿತ್ತು.

ಈ ಕಾಗದಗಳಿಗೆ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಬೇಡಿರಿ. ಒಳಗೆ ಕಾಗದ ಕೆಡುತ್ತದೆ, ಆಮೇಲೆ ಬಿಡಿಸಲು ಬರುವುದಿಲ್ಲ. ಹರಿದದ್ದಕ್ಕೆ ಸೆಲೋಟೇಪು ಹಚ್ಚಬೇಡಿರಿ. ಒಣಗಿದ ಹತ್ತಿ ಅರಿವೆಯಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ ಇಡಿರಿ. ಫೋಟೊದ ಹಿಂದೆ ಮೆತ್ತಗಿನ ಪೆನ್ಸಿಲಿನಿಂದ ಯಾರು, ಎಲ್ಲಿ, ಯಾವ ವರ್ಷ ಎಂದು ಬರೆಯಿರಿ. ಮುದುಕಿಯರ ಮಾತನ್ನು ಮೊಬೈಲಿನಲ್ಲಿ ಹಿಡಿಯಿರಿ. ಶುರುವಿಗೆ ಅವರ ಹೆಸರು, ದಿನಾಂಕ, ಒಪ್ಪಿಗೆ ಅವರ ಬಾಯಿಂದಲೇ ಬರಲಿ. ಪ್ರತಿಯನ್ನು ಎರಡು ಕಡೆ ಇಡಿರಿ.

ಸರಕಾರದ ಕಡೆಯ ಕೆಲಸವೂ ಇದೆ. ಕಚೇರಿಯಲ್ಲಿ ಕಡತಗಳಿಗೆ ವರ್ಗ ಹಾಕುತ್ತಾರೆ. ಕೆಲವು ಕಾಯಂ, ಉಳಿದವು ಗಡುವು ಮುಗಿದ ಮೇಲೆ ನಾಶ. ಭೂಮಿಯ ಹಕ್ಕಿನ ಕಡತ ಕಾಯಂ ಆಗುತ್ತದೆ. ಹೆಂಗಸೊಬ್ಬಳು ಕೊಟ್ಟ ಬಿಡಿ ಅರ್ಜಿ ಗಡುವಿನ ಗುಂಪಿಗೆ ಬೀಳುವುದೇ ಹೆಚ್ಚು. ದೇವದಾಸಿ ಸಮೀಕ್ಷೆಯ ಮೂಲ ನಮೂನೆಗಳು, ಪಟ್ಟಿಗೆ ಸೇರಿಸಿರೆಂದು ಬಂದ ಅರ್ಜಿಗಳು, ತಿರಸ್ಕರಿಸಿದ ಹಿಂಬರಹಗಳು ಇವುಗಳನ್ನು ಕಾಯಂ ವರ್ಗಕ್ಕೆ ಸೇರಿಸಬೇಕೆಂದು ಕೇಳಬೇಕು. ೨೦೧೦ರ ಕರ್ನಾಟಕ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ, ೨೦೦೫ರ ಮಾಹಿತಿ ಹಕ್ಕು ಇದೆ. ೨೦೨೪ರಿಂದ ತಹಸೀಲ ಕಚೇರಿಗಳ ಹಳೆಯ ಭೂದಾಖಲೆಗಳನ್ನು 'ಭೂ ಸುರಕ್ಷಾ' ಹೆಸರಿನಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೆಯದು. ಆದರೆ ಸರ್ವೇ ನಂಬರು, ಖಾತೇದಾರನ ಹೆಸರು ಹಾಕಿದರೆ ಮಾತ್ರ ಕಾಗದ ಬರುವುದಾದರೆ, ಭೂಮಿಯೂ ಇಲ್ಲದ, ಖಾತೆಯೂ ಇಲ್ಲದ ಹೆಣ್ಣು ಯಂತ್ರದೊಳಗೂ ಸಿಗುವುದಿಲ್ಲ. ಹಳೆಯ ಕಾಲಮ್ಮು ಹೊಸ ಪರದೆಯ ಮೇಲೆ ಹಾಗೇ ಕೂರುತ್ತದೆ.

ಕೊನೆಗೆ ನಮ್ಮ ವಿಮರ್ಶಕರಿಗೆ ಒಂದು ಮಾತು. ಸಣ್ಣ ಪತ್ರಿಕೆಗಳಲ್ಲಿ ನಾವು ಪಠ್ಯ, ಸಂಕಥನ, ಅನನ್ಯತೆ ಎಂದು ಬರೆಯುತ್ತಲೇ ಇರುತ್ತೇವೆ. ಬರೆಯೋಣ. ಅದರ ಜೊತೆಗೆ ಪ್ರತಿಯೊಬ್ಬರೂ ತಮ್ಮೂರ ಸಾಲಿಯ ಒಂದು ರಜಿಸ್ಟರು, ತಮ್ಮ ಕೇರಿಯ ಒಂದು ಟ್ರಂಕು, ಒಬ್ಬ ಮುದುಕಿಯ ಒಂದು ಸಂಜೆಯ ಮಾತು ಇಷ್ಟನ್ನು ಓದಿ ಬರೆದರೆ ಸಾಕು, ಚಿಕ್ಕೋಡಿಯಿಂದ ಅಥಣಿಯವರೆಗೆ ಬೇರೆಯೇ ಒಂದು ದಫ್ತರ ಎದ್ದು ನಿಲ್ಲುತ್ತದೆ. ಮೋಡಿ ಓದಬಲ್ಲವರು, ಮುತ್ತು ಕಟ್ಟಿಸಿಕೊಂಡು ಇನ್ನೂ ಬದುಕಿರುವ ಹಿರಿಯರು, ಇಬ್ಬರೂ ಈಗ ಎಪ್ಪತ್ತು ಎಂಬತ್ತು ದಾಟಿದ್ದಾರೆ. ಕಾಗದಕ್ಕಿಂತ ಮೊದಲು ಅವರು ಹೋಗುತ್ತಾರೆ.